ಅತ್ತೆಯ ಕಾಗೆಬಂಗಾರ

ನನ್ನ ಸೋದರತ್ತೆಗೆ ಈಗ ಅರವತ್ತೊಂದು. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾಳೆ. ಕೆಟಲ್, ಟೋಸ್ಟರ್, ಹೀಟರ್ ಕೂಡ ತೆಗೆದುಕೊಳ್ಳುತ್ತಾಳೆ. ಆದರೆ ಫ್ಯಾನು ಹಿಡಿದು ಬಂದವರನ್ನು ಮೆಟ್ಟಿಲಲ್ಲೇ ತಡೆದು, "ಕಾಯೋದಾದ್ರೆ ಕೊಡಿ, ತಿರುಗೋದಾದ್ರೆ ಎದುರುಗಡೆ ಹೋಗಿ" ಎಂದು ಕಳಿಸಿಬಿಡುತ್ತಾಳೆ. ತಿರುಗುವ ವಸ್ತುಗಳ ಮೇಲೆ ಅವಳಿಗೆ ನಂಬಿಕೆಯಿಲ್ಲ.

ಅವಳ ಅಂಗಡಿಗೂ ನಮ್ಮ ಕ್ಷೌರದಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ ಮಾತ್ರ. ಈ ಕಡೆ ಎರಡು ಕುರ್ಚಿ: ಒಂದರ ಹಿಂದೆ ಅಪ್ಪ, ಇನ್ನೊಂದರ ಹಿಂದೆ ನಾನು. ಆ ಕಡೆ ಅತ್ತೆಯ ಮೇಜು, ಅದರ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಹತ್ತಾರು ಇಸ್ತ್ರಿಪೆಟ್ಟಿಗೆಗಳು. ಅಪ್ಪ ಅವಳಿಗಿಂತ ಮೂರು ವರ್ಷ ಚಿಕ್ಕವನು. ಆ ಮೂರು ವರ್ಷವನ್ನು ಅವಳು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಅಪ್ಪನಿಗೆ ಕತ್ತರಿ ಹೊಟ್ಟೆಪಾಡು, ಆಂಪ್ಲಿಫೈಯರ್ ಹುಚ್ಚು. ಬಿಡಿ ಭಾಗಗಳನ್ನು ತಂದು, ಸೋಲ್ಡರ್ ಹೊಗೆ ಕುಡಿದು, ತಾನೇ ಕಟ್ಟಿದ ಆಂಪ್ಲಿಫೈಯರೊಂದು ಕನ್ನಡಿಯ ಮೇಲಿನ ಗೂಡಿನಲ್ಲಿ ಹತ್ತು ವರ್ಷದಿಂದ ಹಾಡುತ್ತಿದೆ. ಕತ್ತಿನ ಹತ್ತಿರ ಕತ್ತಿ ಹಿಡಿದುಕೊಂಡು ಅಪ್ಪ ಅದರ ವಿಷಯ ಹೇಳುವುದರಿಂದ ಯಾವ ಗಿರಾಕಿಯೂ ಅಡ್ಡ ಮಾತಾಡುವುದಿಲ್ಲ.

ಅಕ್ಕನ ಕೆಲಸವೆಂದರೆ ಮಾತ್ರ ಅವನಿಗೆ ಅಷ್ಟಕ್ಕಷ್ಟೇ.

"ನಿಂದು ಕಾಯಿಸೋ ವಿದ್ಯೆ ಅಕ್ಕ, ನಂದು ಕೇಳಿಸೋ ವಿದ್ಯೆ," ಎನ್ನುತ್ತಿದ್ದ. "ಎರಡು ತಂತಿ ಸೇರಿಸಿದ್ರೆ ಯಾವುದಾದ್ರೂ ಕಾಯುತ್ತೆ. ಹಾಡಬೇಕಾದ್ರೆ ತಲೆ ಬೇಕು."

"ನಿನ್ನ ಪೆಟ್ಟಿಗೆನೂ ಮುಟ್ಟಿದ್ರೆ ಬೆಚ್ಚಗಿರುತ್ತಲ್ಲೋ?"

"ಅದು ಬೇರೆ ಥರದ ಬಿಸಿ."

"ಬಿಸೀಲಿ ಎಷ್ಟು ಥರ ಇದೆ, ಸ್ವಲ್ಪ ಹೇಳಿಕೊಡು," ಎಂದು ಅತ್ತೆ ಆ ಕಡೆಯಿಂದ ಕೂಗುತ್ತಿದ್ದಳು. ಅಪ್ಪ ಕೇಳಿಸದವನಂತೆ ವಾಲ್ಯೂಮ್ ಏರಿಸುತ್ತಿದ್ದ.

ಅತ್ತೆಗೆ ಒಂದು ಕಟ್ಟುನಿಟ್ಟು ಇದೆ. ರಿಪೇರಿ ಮುಗಿದ ಯಾವ ವಸ್ತುವೂ ಮೈ ಪರೀಕ್ಷೆಯಾಗದೆ ಅವಳ ಮೇಜಿನಿಂದ ಇಳಿಯುವುದಿಲ್ಲ. ಮೀಟರಿನ ಒಂದು ಮೊನೆಯನ್ನು ಪೆಟ್ಟಿಗೆಯ ಲೋಹದ ಮೈಗೆ ಒತ್ತುತ್ತಾಳೆ, ಇನ್ನೊಂದನ್ನು ಪ್ಲಗ್ಗಿನ ಒಂದೊಂದೇ ಕಡ್ಡಿಗೆ ಮುಟ್ಟಿಸುತ್ತಾಳೆ. ಕರೆಂಟಿನ ಕಡ್ಡಿ ಮುಟ್ಟಿಸಿದಾಗ ಮೀಟರು ಸುಮ್ಮನಿರಬೇಕು. "ಕುಂಯ್" ಎಂದರೆ ಎಲ್ಲೋ ತಂತಿ ಮೈಗೆ ತಾಗಿದೆ ಎಂದರ್ಥ, ಮತ್ತೆ ಬಿಚ್ಚುತ್ತಾಳೆ. ಅಂಗಡಿ ತೆರೆದ ಎರಡನೇ ವರ್ಷ, ಅವಸರದಲ್ಲಿ ಕೊಟ್ಟ ಒಂದು ಇಸ್ತ್ರಿಪೆಟ್ಟಿಗೆ ಒಬ್ಬ ದರ್ಜಿಯ ಹೆಂಡತಿಗೆ ಶಾಕ್ ಹೊಡೆದಿತ್ತಂತೆ. ಆಕೆಗೆ ಏನೂ ಆಗಲಿಲ್ಲ, ಸಂಜೆಯವರೆಗೆ ಕೈ ಜೋಮು ಹಿಡಿದಿತ್ತು ಅಷ್ಟೇ. ಆದರೆ ಆಕೆ ಬಂದು ಬೈಯದೆ, "ನೋಡಮ್ಮಾ, ಈ ಬೆರಳು ಇನ್ನೂ ನಂದು ಅನ್ನಿಸ್ತಿಲ್ಲ" ಎಂದು ಕೈ ಚಾಚಿ ತೋರಿಸಿದ್ದನ್ನು ಅತ್ತೆ ಮರೆತಿಲ್ಲ. ಈ ಕತೆಯನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಅದೂ ತಲೆ ಎತ್ತದೆ.

ಮೂರು ವರ್ಷದ ಹಿಂದೆ ಅಪ್ಪ ಹೊಸ ಆಂಪ್ಲಿಫೈಯರಿಗೆ ಕೈ ಹಾಕಿದ. ನಮ್ಮ ಬೀದಿಯಿಂದ ನಾಲ್ಕು ಸ್ಟಾಪ್ ಆಚೆ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ. ಅವರಿಗೂ ಇದೇ ಹುಚ್ಚು. ಭಾನುವಾರ ಅವರ ಕ್ಲಿನಿಕ್ಕಿಗೆ ರಜೆ, ಅವತ್ತು ರೋಗಿಗಳು ಕಾಯುವ ಕೋಣೆಯಲ್ಲಿ ಐದಾರು ಜನ ತಾವು ಕಟ್ಟಿದ ಪೆಟ್ಟಿಗೆಗಳನ್ನು ತಂದು ಒಬ್ಬರದ್ದೊಬ್ಬರು ಕೇಳುತ್ತಾರೆ. ಆ ಗುಂಪಿನಲ್ಲಿ ಅಪ್ಪನಿಗೆ ಬಾಗಿಲ ಹತ್ತಿರದ ಕುರ್ಚಿ. ಈ ಸಲ ತನ್ನ ಪೆಟ್ಟಿಗೆ ಕೇಳಿ ಎಲ್ಲರೂ ಬಾಯಿ ಮುಚ್ಚಬೇಕು ಎಂದು ಅವನ ಆಸೆ. ಬಾಯಿ ತೆರೆಸುವ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಅದು ಸಣ್ಣ ಆಸೆಯಲ್ಲ.

ಹಲಗೆಯ ಮೇಲೆ ಹರಡಿ ಕಟ್ಟಿದಾಗ ಅದು ಚೆನ್ನಾಗಿಯೇ ಹಾಡಿತು. ನಾನೇ ಕೇಳಿದ್ದೇನೆ. ಹಾಡುವವಳು ಪದ ಶುರುಮಾಡುವ ಮುಂಚೆ ತುಟಿ ಬಿಡಿಸಿದ್ದೂ ಕೇಳಿಸುತ್ತಿತ್ತು. ಆಮೇಲೆ ಅಪ್ಪ ಎಲ್ಲವನ್ನೂ ಅಲ್ಯೂಮಿನಿಯಂ ಪೆಟ್ಟಿಗೆಗೆ ಸೇರಿಸಿ, ಸ್ಕ್ರೂ ಬಿಗಿದು, ಒಂದು ಮಂಗಳವಾರ ಬೆಳಿಗ್ಗೆ ಸ್ವಿಚ್ ಒತ್ತಿದ. ಫಟ್! ಫ್ಯೂಸ್ ಹೋಯಿತು. ಅರ್ಧ ಗಡ್ಡ ಬೋಳಿಸಿಕೊಂಡು ಕುಳಿತಿದ್ದ ಅಂಚೆಯವನು ಕುರ್ಚಿಯಿಂದ ಗೇಣೆತ್ತರ ಹಾರಿದ.

ಹೊಸ ಫ್ಯೂಸ್. ಫಟ್. ಇನ್ನೊಂದು. ಫಟ್.

ಪೆಟ್ಟಿಗೆಯಿಂದ ಬಿಚ್ಚಿ ಹಲಗೆಗೆ ತಂದರೆ ಹಾಡುತ್ತದೆ. ಪೆಟ್ಟಿಗೆಗೆ ಹಾಕಿದರೆ ಸಾಯುತ್ತದೆ. ಅಪ್ಪ ಟ್ರಾನ್ಸ್‌ಫಾರ್ಮರ್ ಬದಲಿಸಿದ. ಸ್ವಿಚ್ ಬದಲಿಸಿದ. ಗುರುವಾರದ ಹೊತ್ತಿಗೆ ಅವನ ಮುಖ ಎಷ್ಟು ಸಪ್ಪಗಾಗಿತ್ತೆಂದರೆ ಗಿರಾಕಿಗಳೇ ಅವನನ್ನು ಸಮಾಧಾನ ಮಾಡತೊಡಗಿದರು. ಒಬ್ಬರಿಗೆ ಒಂದು ಕಡೆಯ ಕಿವಿ ಮುಂದಿನ ಕೂದಲು ಮೋಟಾಗಿ, ಇನ್ನೊಂದು ಕಡೆಯದು ಉದ್ದವಾಗಿ ಉಳಿಯಿತು. ನಾನು ಬಾಗಿಲಲ್ಲಿ ಹಿಡಿದು ನಿಲ್ಲಿಸಿ ಸರಿಮಾಡಿ ಕಳಿಸಿದೆ.

"ಎಷ್ಟು ಫ್ಯೂಸ್ ತಿಂತೋ ಅದು?" ಗೋಡೆಯಾಚೆಯಿಂದ ಅತ್ತೆ.

"ಏಳು."

"ಇನ್ನೂ ಹೊಟ್ಟೆ ತುಂಬಿಲ್ವಾ?"

ಅಪ್ಪ ಎಂಟನೇ ಫ್ಯೂಸ್ ಹುಡುಕತೊಡಗಿದ. ಉತ್ತರ ಬರದಿದ್ದದ್ದು ಅತ್ತೆಗೆ ಸರಿಕಾಣಲಿಲ್ಲವೇನೋ, ಎರಡು ನಿಮಿಷದಲ್ಲಿ ಮೀಟರು ಕೈಯಲ್ಲಿ ಹಿಡಿದುಕೊಂಡು ಈ ಕಡೆ ಬಂದಳು. ಅಂಗಡಿಯೊಳಗೆ ಬಂದು ನನ್ನ ಕುರ್ಚಿಯಲ್ಲಿ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಇದು ಬೇರೆ, ಅಕ್ಕ. ನಿಂಗೆ ಗೊತ್ತಾಗಲ್ಲ."

"ಗೊತ್ತಾಗದಿದ್ರೆ ಎದ್ದು ಹೋಗ್ತೀನಿ. ಪೆಟ್ಟಿಗೆ ಮೈಗೆ ಏನೇನು ತಾಗಿದೆ, ಅದಷ್ಟು ಹೇಳು."

ಅಪ್ಪ ಬೆರಳು ಮಾಡಿ ತೋರಿಸಿದ. ಒಂದು ಕಡೆ ನೆಲದ ತಂತಿ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟೇಜಿನ ಗ್ರೌಂಡ್. ಅದು ಬೇಕೆಂದೇ ಮೈಗೆ ಜೋಡಿಸಿದ್ದು. ಇನ್ನೊಂದು ಕಡೆ, ಗೋಡೆಗೆ ಬೆನ್ನು ಕೊಟ್ಟು ನಿಂತ ಎರಡು ರೆಗ್ಯುಲೇಟರ್‌ಗಳು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡವು, ಮೂರು ಮೂರು ಕಾಲು, ಬೆನ್ನಿಗೆ ತೂತಿರುವ ಲೋಹದ ತಗಡು. ಏರಿಳಿಯುವ ವೋಲ್ಟೇಜನ್ನು ಸಮ ಮಾಡಿ ಮುಂದಕ್ಕೆ ಕೊಡುವುದು ಅವುಗಳ ಕೆಲಸ. ಒಂದು ಪ್ಲಸ್ ಕಡೆಯದ್ದು, ಇನ್ನೊಂದು ಮೈನಸ್ ಕಡೆಯದ್ದು. ಕೆಲಸ ಮಾಡುವಾಗ ಕಾಯುತ್ತವೆ, ಅದಕ್ಕೇ ಬೆನ್ನಿನ ತಗಡನ್ನು ಪೆಟ್ಟಿಗೆಗೆ ಸ್ಕ್ರೂ ಹಾಕಿ ಬಿಗಿಯುವುದು. ಬಿಸಿ ಪೆಟ್ಟಿಗೆಗೆ ಹರಿದು ಹೋಗಲಿ ಎಂದು.

ಅತ್ತೆ ಮೀಟರಿನ ಒಂದು ಮೊನೆಯನ್ನು ಪೆಟ್ಟಿಗೆಗೆ ಒತ್ತಿ, ಇನ್ನೊಂದನ್ನು ಮೈನಸ್ ರೆಗ್ಯುಲೇಟರಿನ ನಡುಗಾಲಿಗೆ ಮುಟ್ಟಿಸಿದಳು. ಕುಂಯ್.

"ಈ ಕಾಲು ಏನು?"

"ಅದಾ? ಒಳಗೆ ಬರೋ ವೋಲ್ಟೇಜು..." ಎಂದ ಅಪ್ಪ, ಅಲ್ಲೇ ನಿಂತ. "ಇಲ್ಲ, ಇರು. ಪ್ಲಸ್‌ದ್ರಲ್ಲಿ ನಡುಗಾಲು ನೆಲ. ಹಳೇ ಪೆಟ್ಟಿಗೇಲೂ ಹಿಂಗೇ ಬಿಗಿದಿದ್ದೆ. ಏಳು ವರ್ಷದಿಂದ ಏನೂ ಆಗಿಲ್ಲ."

"ಹಳೇದ್ರಲ್ಲಿ ಮೈನಸ್‌ದು ಇತ್ತಾ?"

"ಇರಲಿಲ್ಲ."

"ಮತ್ತೆ?"

ಅಪ್ಪ ನಾಲಗೆ ಕಚ್ಚಿಕೊಂಡ. ನೋಡಲು ಎರಡೂ ಅವಳಿ ಮಕ್ಕಳ ಹಾಗಿದ್ದರೂ, ಪ್ಲಸ್ ರೆಗ್ಯುಲೇಟರಿನ ಬೆನ್ನು ಒಳಗೊಳಗೇ ನೆಲಕ್ಕೆ ಸೇರಿದೆ, ಪೆಟ್ಟಿಗೆಗೆ ತಾಗಿದರೂ ಫ್ಯೂಸಿಗೆ ತೊಂದರೆಯಿಲ್ಲ. ಮೈನಸ್‌ನದ್ದರ ಬೆನ್ನು ಒಳಬರುವ ವೋಲ್ಟೇಜಿಗೆ ಸೇರಿದೆ. ಅದನ್ನು ಪೆಟ್ಟಿಗೆಗೆ ಬಿಗಿದರೆ ವೋಲ್ಟೇಜನ್ನು ನೇರವಾಗಿ ನೆಲಕ್ಕೆ ಕಟ್ಟಿದ ಹಾಗೆ. ಹಲಗೆಯ ಮೇಲೆ ಬೆನ್ನಿಗೆ ಏನೂ ತಾಗುತ್ತಿರಲಿಲ್ಲ, ಹಾಡುತ್ತಿತ್ತು.

"ಹಂಗಾದ್ರೆ ಪೆಟ್ಟಿಗೆಗೆ ತಾಗಿಸೋ ಹಾಗಿಲ್ಲ. ತಾಗಿಸದಿದ್ರೆ ಕಾದು ಸಾಯುತ್ತೆ," ಎಂದ ಅಪ್ಪ, ಮಂಗಳವಾರದ ಉಳಿದರ್ಧ ಗಡ್ಡಕ್ಕೆಂದು ಅಂದು ಮತ್ತೆ ಬಂದಿದ್ದ ಅಂಚೆಯವನ ಟವೆಲಿನಲ್ಲಿ ತನ್ನ ಹಣೆ ಒರೆಸಿಕೊಳ್ಳುತ್ತ.

ಅತ್ತೆ ನಕ್ಕಳು. ಅಷ್ಟು ಖುಷಿಯಿಂದ ನಕ್ಕಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. "ಇಸ್ತ್ರಿಪೆಟ್ಟಿಗೆ ಹೊಟ್ಟೇಲಿ ಏನಿರುತ್ತೆ ಹೇಳು. ಮೇಲೆ ಕೆಂಪಗೆ ಕಾಯೋ ತಂತಿ, ಕೆಳಗೆ ತಳ. ತಂತಿಯ ಬಿಸಿ ತಳಕ್ಕೆ ಬರಬೇಕು, ಕರೆಂಟು ಬರಬಾರದು. ಮೂವತ್ತು ವರ್ಷದಿಂದ ನಾನು ಇನ್ನೇನು ಮಾಡ್ತಿದ್ದೀನಿ ಅಂದ್ಕೊಂಡೆ?"

ತನ್ನ ಅಂಗಡಿಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದಳು. ಕೆಟ್ಟ ಇಸ್ತ್ರಿಪೆಟ್ಟಿಗೆಗಳಿಂದ ಬಿಚ್ಚಿದ ಅಭ್ರಕದ ಹಾಳೆಗಳನ್ನು ಎಸೆಯಲು ಮನಸ್ಸು ಬಾರದೆ ಅದರಲ್ಲಿ ಕೂಡಿಟ್ಟಿದ್ದಳು. ಅಭ್ರಕವನ್ನು ಮೈಕಾ ಎನ್ನುವವರೇ ಹೆಚ್ಚು. ಅವಳು ಮಾತ್ರ ಹಳೆಯ ಹೆಸರಿನಲ್ಲೇ ಕಾಗೆಬಂಗಾರ ಎನ್ನುತ್ತಾಳೆ. ಮುಚ್ಚಳ ತೆಗೆದಾಗ ಟ್ಯೂಬ್‌ಲೈಟಿನ ಬೆಳಕಿಗೆ ಡಬ್ಬಿಯ ತುಂಬ ಚಿನ್ನದ ರೇಕು ಮಿನುಗಿತು. ಅಪ್ಪನ ಹೊಸ ಬ್ಲೇಡೊಂದನ್ನು ಕೇಳಿ ಪಡೆದು, ಒಂದು ಹಾಳೆಯ ಅಂಚಿಗೆ ತೂರಿಸಿ ಪದರ ಬಿಡಿಸಿದಳು. ಆ ಪದರವನ್ನು ಮತ್ತೆ ಎರಡು ಮಾಡಿದಳು. ಕೊನೆಗೆ ಕೈಯಲ್ಲಿ ಉಳಿದದ್ದು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಿತ್ತು. ಅದರಲ್ಲಿ ರೆಗ್ಯುಲೇಟರಿನ ಬೆನ್ನಿಗಿಂತ ಒಂದಿಷ್ಟು ದೊಡ್ಡ ಬಿಲ್ಲೆ ಕತ್ತರಿಸಿ, ನಡುವೆ ತೂತು ಮಾಡಿದಳು. ಅಪ್ಪ ಎರಡೂ ಬದಿಗೆ ಬಿಸಿ ದಾಟಿಸುವ ಬಿಳಿ ಮುಲಾಮು ಸವರಿದ.

"ಅದು ನನ್ನ ಮುಖಕ್ಕೆ ಹಚ್ಚಿದ್ದೇನಾ?" ಎಂದು ಕೇಳಿದ ಅಂಚೆಯವನು.

ಬಿಲ್ಲೆ ನಡುವೆ ಇಟ್ಟು ಸ್ಕ್ರೂ ಬಿಗಿದರು. ಅತ್ತೆ ಮೀಟರು ಹಿಡಿದಳು. ಕುಂಯ್.

ಈಗ ನಗುವ ಸರದಿ ಅಪ್ಪನದು. ಅತ್ತೆಯ ಮುಖ ಕೆಂಪಾಯಿತು. ಕನ್ನಡಕ ಹಣೆಗೇರಿಸಿ ನೋಡಿದಳು, ಇಳಿಸಿ ನೋಡಿದಳು. ಆಮೇಲೆ ತನ್ನ ತಲೆಗೆ ತಾನೇ ಮೊಟಕಿಕೊಂಡಳು. "ಸ್ಕ್ರೂ! ನಡುವೆ ಪರದೆ ಹಾಕಿ ಬಾಗಿಲು ತೆಗೆದಿಟ್ಟಿದ್ದೀವಿ." ಸ್ಕ್ರೂ ಕೂಡ ಲೋಹವೇ. ರೆಗ್ಯುಲೇಟರಿನ ಬೆನ್ನನ್ನು ತಾಗಿಕೊಂಡು ಪೆಟ್ಟಿಗೆಯ ಗೋಡೆಗೆ ಹೋಗುತ್ತಿದೆ. ಕರೆಂಟಿಗೆ ಅಷ್ಟು ದಾರಿ ಸಾಕು.

ಅವಳು ಒಂದು ಸಣಕಲು ಸ್ಕ್ರೂ ಹುಡುಕಿದಳು. ಇಸ್ತ್ರಿಪೆಟ್ಟಿಗೆಯ ಒಳತಂತಿಗೆ ತೊಡಿಸುವ, ಎಷ್ಟು ಕಾದರೂ ಕರಗದ ನೂಲಿನ ಕೊಳವೆಯ ತುಂಡನ್ನು ಅದಕ್ಕೆ ಅಂಗಿಯಂತೆ ತೊಡಿಸಿದಳು. ತಲೆಯ ಕೆಳಗೆ ಫೈಬರಿನ ವಾಷರ್ ಇಟ್ಟು ಬಿಗಿದಳು. ಮೀಟರು ಸುಮ್ಮನಿತ್ತು. ಅಪ್ಪ ಸ್ವಿಚ್ ಒತ್ತಿದ. ಹಾಡು ಬಂತು.

"ಕಾಯಿಸೋ ವಿದ್ಯೆ," ಎಂದಳು ಅತ್ತೆ, ಸೆರಗಿಗೆ ಕೈ ಒರೆಸಿಕೊಂಡು, ಹೊರಡುತ್ತ.

"ಭಾನುವಾರ ನೀನೂ ಬಾ ಅಕ್ಕ," ಎಂದ ಅಪ್ಪ. ನನಗೆ ಗೊತ್ತಿರುವಂತೆ ಅದು ಅವನ ಕ್ಷಮೆಯಾಚನೆ.

ಭಾನುವಾರ ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಪೆಟ್ಟಿಗೆ ಅಪ್ಪನ ತೊಡೆಯ ಮೇಲೆ, ದಾರಿಯ ಗುಂಡಿಗಳೆಲ್ಲ ಬಸ್ಸಿನ ಕೆಳಗೆ. ಕಾಯುವ ಕೋಣೆಯಲ್ಲಿ ಡಾಕ್ಟರು ನಮ್ಮನ್ನು ಕೂರಿಸಿದರು. ಅತ್ತೆಗೆ ಸಿಕ್ಕ ಕುರ್ಚಿಯ ಹಿಂದೆ ಗೋಡೆಯಗಲದ ದವಡೆಯ ಚಿತ್ರವಿತ್ತು. ಅದು ಅವಳನ್ನು ಈಗಲೋ ಆಗಲೋ ಕಚ್ಚುವಂತಿತ್ತು. ಅಪ್ಪ ಹಾಡು ಹಾಕಿದ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಡಾಕ್ಟರು ಕಣ್ಣು ಮುಚ್ಚಿ ಕಾಲ್ಬೆರಳು ಆಡಿಸುತ್ತಿದ್ದರು. ಅಪ್ಪನ ಮುಖದಲ್ಲಿ ಮೆಲ್ಲಗೆ ಬೆಳಗಾಗುತ್ತಿತ್ತು.

ಫಟ್.

ಎಲ್ಲರೂ ಒಟ್ಟಿಗೇ ಕಾರಣ ಹೇಳತೊಡಗಿದರು. ಕೆಪಾಸಿಟರ್ ಅಂದರು, ವಿನ್ಯಾಸವೇ ತಪ್ಪು ಅಂದರು. ಒಬ್ಬರು, "ಹೋಗ್ಲಿ ಬಿಡಿ, ಮೊದಲನೇ ಸಲ ಎಲ್ಲರಿಗೂ ಹಿಂಗೇ" ಎಂದು ಅಪ್ಪನ ಬೆನ್ನು ತಟ್ಟಿದರು. ಅಪ್ಪ ಇಪ್ಪತ್ತು ವರ್ಷದಿಂದ ಇದನ್ನು ಮಾಡುತ್ತಿದ್ದಾನೆ.

ಅತ್ತೆ ದವಡೆಯ ಮುಂದಿನಿಂದ ಎದ್ದು ನಿಂತಳು. "ಅವನದ್ದೇನೂ ತಪ್ಪಿಲ್ಲ. ಕೆಟ್ಟಿರೋದು ನಾನು ಮಾಡಿದ್ದು."

ಆ ಕೋಣೆಯಲ್ಲಿ ಬೇರೆ ಯಾರಾದರೂ ಹಾಗೆ ಹೇಳಿದ್ದನ್ನು ನಾನು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಿಲ್ಲ. ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ರೆಗ್ಯುಲೇಟರನ್ನು ಕಳಚಿದಳು. ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತೂತಿನ ಪಕ್ಕದಲ್ಲಿ ಜೇಡನ ಕಾಲಿನಂಥ ಬಿರುಕು ಮೂಡಿತ್ತು. ಪೆಟ್ಟಿಗೆಯ ಗೋಡೆಯ ತೂತಿನ ಸುತ್ತ ಬೆರಳಾಡಿಸಿ, "ಹ್ಞಾಂ" ಎಂದಳು. "ಮುಳ್ಳಿದೆ. ಡ್ರಿಲ್ ಹೊಡೆದಾಗ ಎದ್ದಿರೋದು. ಬಸ್ಸಲ್ಲಿ ಕುಲುಕಿ, ಕಾದು ಒತ್ತಿ, ಚುಚ್ಚಿಬಿಟ್ಟಿದೆ. ಮೊದಲೇ ಸವರಿ ನೋಡಬೇಕಿತ್ತು. ನೋಡಲಿಲ್ಲ."

ಡಾಕ್ಟರು ಬಗ್ಗಿ ನೋಡಿದರು. ಕಾಣಿಸಲಿಲ್ಲ. ಒಳಗೆ ಹೋಗಿ ಹಲ್ಲು ನೋಡುವ ಪುಟ್ಟ ಕನ್ನಡಿ ತಂದು, ಪೆಟ್ಟಿಗೆಯೊಳಗೆ ಇಳಿಸಿ, ಓರೆ ಮಾಡಿ ನೋಡಿದರು. ಮುಖ ಅರಳಿತು.

"ಒಂದಲ್ಲ ಅಮ್ಮ, ಎರಡು! ಒಳಗೆ ತನ್ನಿ."

ಹೀಗೆ ಅಪ್ಪನ ಆಂಪ್ಲಿಫೈಯರ್ ಹಲ್ಲಿನ ಕುರ್ಚಿಯೇರಿತು. ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಒರಗಿಸಿ, ದೀಪ ಎಳೆದು, ಪೆಟ್ಟಿಗೆಯ ಕಡೆಗೆ ಬಾಗಿ, "ನೋವಾದ್ರೆ ಕೈ ಎತ್ತು" ಎಂದರು. ಗುಂಪೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಪ್ಪನೂ ನಕ್ಕ, ಆ ದಿನ ಮೊದಲ ಸಲ. ಹಲ್ಲು ನಯ ಮಾಡುವ ಸಣ್ಣ ಕಲ್ಲು "ಸುಂಯ್" ಎಂದು ತಿರುಗಿ ಮುಳ್ಳುಗಳನ್ನು ತಿಂದಿತು. ಗಾಳಿ ಊದಿ ಲೋಹದ ಪುಡಿಯನ್ನೆಲ್ಲ ಹಾರಿಸಿದರು. ಅತ್ತೆ ಬೆರಳಿಂದ ಸವರಿ ನೋಡಿ, "ಇನ್ನೊಂಚೂರು ಈ ಕಡೆ" ಎಂದು ಎರಡು ಸಲ ಮಾಡಿಸಿದಳು. ಅವಳು ಹೇಳಿದಂತೆಯೇ ಡಾಕ್ಟರು ಮಾಡಿದರು. ಅವರಿಗೆ ಹಾಗೆ ಹೇಳಿದ ರೋಗಿ ಇರಲಿಕ್ಕಿಲ್ಲ.

ಅತ್ತೆಯ ಚೀಲದಲ್ಲಿ ಇನ್ನೂ ಎರಡು ಬಿಲ್ಲೆಗಳಿದ್ದವು. ಒಂದನ್ನು ಹಾಕಿ, ಮುಲಾಮು ಸವರಿ, ಸ್ಕ್ರೂ ಬಿಗಿದು, ಮೀಟರು ಹಿಡಿದಳು. ಸದ್ದಿಲ್ಲ. ಪೆಟ್ಟಿಗೆಯನ್ನು ಎತ್ತಿ ಜೋರಾಗಿ ಕುಲುಕಿ ಮತ್ತೊಮ್ಮೆ ಹಿಡಿದಳು. ಆಗಲೂ ಸದ್ದಿಲ್ಲ. ಅದು ಅವತ್ತು ಸಂಜೆ ಕೋಣೆಗೆ ಬೀಗ ಹಾಕುವವರೆಗೂ ಹಾಡಿತು. ಹೊರಡುವಾಗ ಡಾಕ್ಟರು ಅಪ್ಪನಿಗೆ, "ಏನ್ರೀ, ಇಂಥ ಅಕ್ಕ ಇದ್ದೂ ಇಷ್ಟು ವರ್ಷ ಒಬ್ಬರೇ ಬರ್ತಿದ್ರಲ್ಲ" ಎಂದರು.

ಅದೇ ವಾರ ಡಾಕ್ಟರು ತಮ್ಮ ಆಂಪ್ಲಿಫೈಯರನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅತ್ತೆಯ ಅಂಗಡಿಗೆ ಬಂದರು. ಬಹಳ ದಿನದಿಂದ ಅದರಲ್ಲೊಂದು ಗುಂಯ್ ಎಂಬ ಸದ್ದಿತ್ತಂತೆ. ಪ್ಲಗ್ಗಿನ ಅರ್ಥ್ ತಂತಿ ಕಿತ್ತರೆ ಸದ್ದು ನಿಲ್ಲುತ್ತದೆಂದು ಕಿತ್ತೇ ಇಟ್ಟಿದ್ದರು. ಅತ್ತೆ ಅದನ್ನು ಕೇಳಿ ಸ್ಟೂಲಿನ ಮೇಲೆ ನೆಟ್ಟಗೆ ಕುಳಿತಳು.

"ಡಾಕ್ಟ್ರೇ, ಈಗ ಇದು ಚೆನ್ನಾಗಿ ಹಾಡುತ್ತೆ, ಒಪ್ತೀನಿ. ಒಳಗೊಂದು ತಂತಿ ಬಿಟ್ಕೊಂಡ್ರೆ ಮುಟ್ಟಿದವರೂ ಹಾಡ್ತಾರೆ."

"ಇಷ್ಟು ವರ್ಷ ಏನೂ ಆಗಿಲ್ವಲ್ಲ..."

"ಆಗೋವರೆಗೂ ಏನೂ ಆಗಿರಲ್ಲ. ಅರ್ಥ್ ಸೇರಿಸದೆ ಇದು ಈ ಮೇಜಿಂದ ಇಳಿಯಲ್ಲ."

ಅತ್ತೆ ಅರ್ಥ್ ಸೇರಿಸಿದಳು. ಗುಂಯ್ ವಾಪಸು ಬಂತು. ಈ ಕಡೆಯಿಂದ ಅಪ್ಪನೂ ಹೋಗಿ ಸೇರಿಕೊಂಡ. ಇಬ್ಬರೂ ತಲೆಗೆ ತಲೆ ತಾಗಿಸಿ ಇಡೀ ಮಧ್ಯಾಹ್ನ ಹುಡುಕಿದರು. ನನ್ನ ಕುರ್ಚಿಗೂ ಅಪ್ಪನ ಕುರ್ಚಿಗೂ ನಾನೊಬ್ಬಳೇ. ಕೊನೆಗೆ ಕಂಡದ್ದು ಇಷ್ಟು: ಆ ಪೆಟ್ಟಿಗೆಯಲ್ಲಿ ನೆಲದ ತಂತಿ ಒಂದು ಕಡೆ ಮೈಗೆ ಸೇರಿದೆ, ಪ್ಲಸ್ ರೆಗ್ಯುಲೇಟರಿನ ಬೆನ್ನಿನ ಮೂಲಕ ಇನ್ನೊಂದು ಕಡೆಯೂ ಸೇರಿದೆ. ಎರಡು ದಾರಿ ಸೇರಿ ಒಂದು ಸುತ್ತಾಗಿ, ಅರ್ಥ್ ತಂತಿಯಿಂದ ಬಂದ ಗುಂಯ್ ಅದರೊಳಗೇ ಸುತ್ತುತ್ತಿದೆ. ಫ್ಯೂಸನ್ನು ಸುಡದ ಆ ಪಾಪದ ರೆಗ್ಯುಲೇಟರಿನ ಬೆನ್ನಿಗೂ ಅತ್ತೆ ಒಂದು ಬಿಲ್ಲೆ ಇಟ್ಟಳು, ಸ್ಕ್ರೂಗೆ ಅಂಗಿ ತೊಡಿಸಿದಳು. ಅರ್ಥ್ ಇದ್ದ ಹಾಗೇ ಇತ್ತು, ಸದ್ದು ಹೋಗಿತ್ತು. ಡಾಕ್ಟರು ಕಿವಿಯನ್ನು ಸ್ಪೀಕರಿಗೆ ಅಂಟಿಸಿ ಬಹಳ ಹೊತ್ತು ಹಾಗೇ ನಿಂತರು. "ಏನೂ ಕೇಳಿಸ್ತಿಲ್ಲ," ಎಂದರು, ಕಣ್ಣು ತುಂಬಿಕೊಂಡು. ಅದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ಆಮೇಲೆ ಅತ್ತೆಯ ಅಂಗಡಿಗೆ ಬೇರೆ ಥರದ ಜನ ಬರತೊಡಗಿದರು. ಚಪ್ಪಲಿ ಹೊಲಿಯುವವನ ಹಳೆಯ ತೂತುಕೊರೆಯನ್ನು ಪಡೆದು ಬಿಲ್ಲೆಗಳಿಗೆ ಒಂದೇ ಅಳತೆಯ ತೂತು ಹೊಡೆಯತೊಡಗಿದಳು. ಒಂದೊಂದು ಬಿಲ್ಲೆಯ ಜೊತೆಗೂ "ಮೊದಲು ಮುಳ್ಳು ಸವರಿ ನೋಡಿ" ಎಂಬ ಮಾತನ್ನು ಪುಕ್ಕಟೆಯಾಗಿ ಕೊಡುತ್ತಾಳೆ. ಈಗ ಅಂಗಡಿಗಳಲ್ಲಿ ರಬ್ಬರಿನಂಥ ಮೆತ್ತನೆಯ ಹಾಳೆಗಳು ಸಿಗುತ್ತವೆ, ಮುಲಾಮೂ ಬೇಡ. ಯಾರೋ ತಂದು ತೋರಿಸಿದಾಗ ಅವಳು ಬೇಸರ ಮಾಡಿಕೊಳ್ಳಲಿಲ್ಲ. ಹಿಗ್ಗಿಸಿ, ಕಾಯಿಸಿ, ಮೀಟರು ಹಿಡಿದು ನೋಡಿ, "ಒಳ್ಳೇದೇ ಇದೆ, ಇದನ್ನೇ ಹಾಕಿ" ಎಂದಳು. ಆದರೂ ಭಾನುವಾರದವರು ಕಾಗೆಬಂಗಾರವನ್ನೇ ಕೇಳುತ್ತಾರೆ. ಅವಳನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ನಮ್ಮ ಬೀದಿಯಲ್ಲಿ "ಕಾಗೆಬಂಗಾರದಮ್ಮ ಇದ್ದಾರಾ?" ಎಂದು ಯಾರಾದರೂ ಕೇಳಿದರೆ ಅವರ ಕೈಯಲ್ಲಿ ಆಂಪ್ಲಿಫೈಯರ್ ಇದೆ ಎಂದೇ ಲೆಕ್ಕ.

ಕಳೆದ ವರ್ಷ ಅವಳು ತನ್ನದೇ ಒಂದು ಪುಟ್ಟ ಆಂಪ್ಲಿಫೈಯರ್ ಕಟ್ಟಿಕೊಂಡಳು. ಅಪ್ಪ ಹೇಳಿಕೊಟ್ಟ, ಜಗಳವಾಡುತ್ತ. ಅವಳಿಗೆ ಹಾಡಿನಲ್ಲಿ ಅಷ್ಟು ಆಸಕ್ತಿಯಿಲ್ಲ. ರೇಡಿಯೋದಲ್ಲಿ ಜನ ಮಾತಾಡುವುದು ಇಷ್ಟ. ಸುದ್ದಿ, ಹವಾಮಾನ, ಅದರಲ್ಲೂ ಫುಟ್‌ಬಾಲ್ ವೀಕ್ಷಕವಿವರಣೆ. ಆಟದ ನಿಯಮ ಒಂದೂ ಅವಳಿಗೆ ಗೊತ್ತಿಲ್ಲ. ಇಸ್ತ್ರಿಪೆಟ್ಟಿಗೆ ಬಿಚ್ಚುತ್ತ ಇಡೀ ಪಂದ್ಯ ಕೇಳುತ್ತಾಳೆ. ಮೊನ್ನೆ ಶನಿವಾರ ಒಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ ಅಪ್ಪ ಕುತೂಹಲ ತಡೆಯಲಾರದೆ ಕೂಗಿ ಕೇಳಿದ:

"ಅಕ್ಕ, ಗೋಲು ಎಷ್ಟಾಯ್ತು?"

"ಅದು ಗೊತ್ತಿಲ್ಲ ಕಣೋ," ಎಂದಳು ಅತ್ತೆ. "ಆದ್ರೆ ಹೇಳ್ತಿರೋನಿಗೆ ನೆಗಡಿ ಆಗಿದೆ."